ವಸಂತದ ವಾಸನೆ ಮತ್ತು ನಮ್ಮತ್ತೆಯ ಭರಣಿ

ಉಪಾಯ ಹೇಳಿಕೊಡುವುದರಷ್ಟು ಸುಖದ ಕೆಲಸ ಇನ್ನೊಂದಿಲ್ಲ. ದೋಸೆ ಹುಯ್ದರೆ ಕಾವಲಿ ತಿಕ್ಕಬೇಕು, ಸೀರೆ ಉಟ್ಟರೆ ಮಡಿಸಿಡಬೇಕು, ನೆಂಟರನ್ನು ಕರೆದರೆ ಬಸ್ಸಿನವರೆಗೆ ಹೋಗಿ ಹತ್ತಿಸಿ ಬರಬೇಕು. ಉಪಾಯ ಹೇಳಿದವರಿಗೆ ಮಾತ್ರ ಆಮೇಲೆ ಗುಡಿಸುವ ಒರೆಸುವ ಉಸಾಬರಿ ಇಲ್ಲ. ಹೇಳಬೇಕು, ಕೊಟ್ಟ ಚಹಾ ಕುಡಿಯಬೇಕು, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬರಬೇಕು. ಹೀಗೆಂದು ನಾನು ಕಳೆದ ಮಾರ್ಚ್ ತಿಂಗಳ ತನಕ ನಂಬಿದ್ದೆ. ಈಗ ಯಾರಾದರೂ "ನೀವೇ ಒಂದು ಉಪಾಯ ಹೇಳಿ" ಎಂದರೆ ಸಾಕು, ನನ್ನ ಕಣ್ಣು ತಾನಾಗಿ ಅಡುಗೆಮನೆಯ ಹಿಂದಿನ ಉಗ್ರಾಣದ ಕಡೆ ತಿರುಗುತ್ತದೆ, ಅಂಗೈ ಬೆವರುತ್ತದೆ. ಬೆವರಿದ ಅಂಗೈಯನ್ನು ಕೂಡಲೇ ಸೆರಗಿಗೆ ಒರೆಸಿಕೊಳ್ಳುತ್ತೇನೆ. ಒದ್ದೆ ಕೈ ಎಂದರೆ ನನಗೆ ಈಗ ಅಷ್ಟು ಭಯ.

ಇಡೀ ಶಿರಸಿಯಲ್ಲಿ ನನ್ನನ್ನು ಲೇಖಕಿ ಎಂದು ಕರೆಯುವವರು ಒಬ್ಬರೇ, ನನ್ನ ಮಗಳ ಶಾಲೆಯ ಶೈಲಾ ಟೀಚರ್. ಅದಕ್ಕೆ ಕಾರಣ, ಎಷ್ಟೋ ವರ್ಷದ ಹಿಂದೆ ಒಂದು ವಾರಪತ್ರಿಕೆಯಲ್ಲಿ ಅಚ್ಚಾದ ನನ್ನ ಒಂದೆಲಗದ ತಂಬುಳಿ. ಅದರಲ್ಲಿ ಉಪ್ಪು ಹಾಕುವ ಸಾಲು ಬಿಟ್ಟುಹೋಗಿತ್ತು. ಪತ್ರಿಕೆಯವರು ಬಿಟ್ಟರೋ ನಾನೇ ಬಿಟ್ಟೆನೋ ಇಂದಿಗೂ ತೀರ್ಮಾನವಾಗಿಲ್ಲ. ಸಿದ್ದಾಪುರದ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹೆಂಗಸೊಬ್ಬರು ನನ್ನನ್ನು ತಡೆದು, "ನೀವು ಉಪ್ಪು ತಿಂತ್ರಿಲ್ಯ?" ಎಂದು ಕೇಳಿದ್ದರು. ನಾನು ಪಡೆದ ಒಂದೇ ಒಂದು ವಿಮರ್ಶೆ ಅದು. ಶೈಲಾ ಟೀಚರ್ ಬನವಾಸಿ ಕಡೆಯವರು, ಮನಸ್ಸು ದೊಡ್ಡದು, ಉಪ್ಪಿಲ್ಲದ್ದನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಯುಗಾದಿಗೆ ಶಾಲೆಯ ಗೋಡೆಪತ್ರಿಕೆ ಹೊರಡಬೇಕಿತ್ತು. ಟೀಚರ್ ಒಂದು ಸಂಜೆ ಮನೆಗೇ ಬಂದರು. "ಅಕ್ಕಾರ, ವಸಂತ ಋತು ಬರೀರಿ ಅಂದ್ರ ವರ್ಷಾ ವರ್ಷಾ ಅದ ಕೋಗಿಲೆ, ಅದ ಮಾವಿನ ಚಿಗುರು. ಇಡೀ ಕ್ಲಾಸಿಗೆ ಒಂದ ಕೋಗಿಲೆ ನೋಡ್ರಿ, ಒಬ್ಬರ ಹಾಳ್ಯಾಗಿಂದ ಇನ್ನೊಬ್ಬರ ಹಾಳಿಗೆ ಹಾರಿ ಕುಂದರತೈತಿ. ಓದಿ ಓದಿ ನನಗ ಕೋಗಿಲೆ ದನಿ ಕೇಳಿದ್ರ ಸಿಟ್ಟು ಬರ್ತೈತಿ. ನೀವು ಬರ್ರಿ, ಒಂದ್ ತಾಸು ಕುಂತು ಹುಡುಗ್ರಿಗೆ ಹೊಸದೇನರ ಹೊಳಿಯೋ ಹಂಗ ಮಾಡ್ರಿ" ಎಂದರು. ನಾನು ಎರಡು ಸಲ ಬೇಡವೆಂದು, ಮೂರನೆಯ ಸಲ ಅವರು ಕೇಳದೇ ಬಿಟ್ಟಾರೆಂದು ಹೆದರಿ ಒಪ್ಪಿಕೊಂಡೆ.

ಮಗಳು ಪ್ರಣತಿ ಆರನೆಯ ತರಗತಿ, ಅದೇ ಕ್ಲಾಸು. ಸುದ್ದಿ ಕೇಳಿ ಅವಳ ಮುಖ ಹಾಗಲಕಾಯಿ ತಿಂದಂತಾಯಿತು. ಹೋಗುವ ದಿನ ಬೆಳಿಗ್ಗೆ ನನ್ನನ್ನು ಬಾಗಿಲಲ್ಲಿ ತಡೆದು ಕಟ್ಟಳೆ ಹಾಕಿದಳು. "ಆಯಿ, ಆ ಹಸಿರು ಸೀರೆ ಉಡಡ. ಕ್ಲಾಸಲ್ಲಿ ಎನ್ನ 'ಕೂಸೇ' ಹೇಳಿ ಕರಿಯಡ. ಹಾಡು ಹೇಳಡ. ಆನು ನಿನ್ನ ಪರಿಚಯ ಇಲ್ಲದ್ದವರ ಹಾಂಗೆ ಕೂತ್ಕತ್ತೆ, ನೀನೂ ಹಾಂಗೇ ಇರು."

"ಆತೇ ಮಾರಾಯ್ತಿ" ಎಂದು ನೀಲಿ ಸೀರೆ ಉಟ್ಟು ಹೋದೆ.

ಕ್ಲಾಸಿನ ಒಳಗೆ ಕಾಲಿಟ್ಟ ಮೇಲೆ ಗೊತ್ತಾಯಿತು, ಮಕ್ಕಳ ಎದುರು ನಿಲ್ಲುವುದೆಂದರೇನು ಎಂದು. ಮನೆಯಲ್ಲಿ ಒಂದು ಮಗುವಿನ ಎರಡು ಕಣ್ಣನ್ನೇ ತಾಳಿಕೊಳ್ಳಲಾಗದವಳಿಗೆ ಇಡೀ ಕೋಣೆಯ ಕಣ್ಣುಗಳು. ವಾರವೆಲ್ಲ ಒಗ್ಗರಣೆ ಹಾಕುವಾಗ, ಬಟ್ಟೆ ಹಿಂಡುವಾಗ ಯೋಚಿಸಿಟ್ಟ ಉಪಾಯಗಳನ್ನು ಒಂದೊಂದಾಗಿ ಬಿಟ್ಟೆ. ಉದುರುವ ಹಣ್ಣೆಲೆಗೂ ಹೊಸ ಚಿಗುರಿಗೂ ಜಾಗಕ್ಕಾಗಿ ಜಗಳ ಬಂದರೆ ಏನೇನು ಮಾತಾಡಿಕೊಳ್ಳುತ್ತವೆ, ಬರೆಯಿರಿ ಎಂದೆ. ಯಾರೂ ಮಿಸುಕಲಿಲ್ಲ. ವಸಂತ ಎನ್ನುವವನು ಯಲ್ಲಾಪುರದ ಬಸ್ಸಿನಿಂದ ನಮ್ಮೂರಲ್ಲಿ ಇಳಿದರೆ ಅವನ ಚೀಲದಲ್ಲಿ ಏನಿರುತ್ತದೆ ಎಂದು ಕೇಳಿದೆ. ಹಿಂದಿನಿಂದ ಒಂದು ದನಿ, "ಬ್ರಷ್ಷು" ಎಂದಿತು. ಗಂಟಲು ಕಟ್ಟಿದ ಕೋಗಿಲೆ ಒಂದು ರಜಾ ಅರ್ಜಿ ಬರೆದರೆ ಹೇಗಿರುತ್ತದೆ ಎಂದೆ. ಒಬ್ಬಳು ಎದ್ದು ನಿಂತು, "ಅರ್ಜಿ ಯಾರಿಗೆ ಕೊಡ್ತದೆ? ಎಷ್ಟು ಸಾಲು ಬರೀಬೇಕು? ಹೆಡ್ಡಿಂಗಿಗೆ ಕೆಂಪು ಸ್ಕೆಚ್ ಪೆನ್ ಅಡ್ಡಿಲ್ವಾ?" ಎಂದು ಕೇಳಿದಳು. ಶೈಲಾ ಟೀಚರ್ ಕಿಟಕಿಯ ಪಕ್ಕ ಕುಳಿತು ಧೈರ್ಯ ತುಂಬುವ ನಗು ನಗುತ್ತಿದ್ದರು. ಆ ನಗು ನೋಡಿ ನನ್ನ ಧೈರ್ಯ ಪೂರ್ತಿ ಹೋಯಿತು. ಪ್ರಣತಿ ತಲೆ ತಗ್ಗಿಸಿ ಬೆಂಚಿನ ಮರದ ಗಂಟುಗಳನ್ನು ಓದುತ್ತಿದ್ದಳು. ತಾಸಿನಲ್ಲಿ ಅರ್ಧ ಕಳೆದಿತ್ತು. ಹಾಡು ಬೇರೆ ಹೇಳುವ ಹಾಗಿಲ್ಲ.

ಮುಳುಗುವವಳಿಗೆ ಏನು ಹೊಳೆದೀತು ಹೇಳಿ! ಆ ಹೊತ್ತಿಗೆ ಶಾಲೆಯ ಹಿಂದಿನ ಬೇಲಿಯ ಸುರಗಿ ಹೂವಿನ ಘಮ ಕಿಟಕಿಯಿಂದ ಒಳಗೆ ಬಂತು. ನಾನು ಅದನ್ನೇ ಹಿಡಿದುಕೊಂಡೆ. "ಮಕ್ಕಳೇ, ಕಣ್ಣಿಗೆ ಕಂಡದ್ದು ಬೇಡ, ಕಿವಿಗೆ ಕೇಳಿದ್ದೂ ಬೇಡ. ಇವತ್ತು ಮನೆಗೆ ಹೋಗಿ. ಈ ಋತುವಿನಲ್ಲಿ ಮಾತ್ರ ಮನೆಯಲ್ಲಿರುವ ಒಂದು ವಸ್ತು ಹುಡುಕಿ. ಕಣ್ಣು ಮುಚ್ಚಿ ಅದನ್ನು ಮೂಸಿ. ಏನು ನೆನಪಾಯಿತೋ ಅದನ್ನು ಬರೆಯಿರಿ. ದೂರ ನಿಂತು ಬರೆಯಬೇಡಿ, ಹತ್ತಿರ ಹೋಗಿ!" ಎಂದೆ.

ಕ್ಲಾಸು ಅಲುಗಿತು. ಮೂಸುವುದು ಎಂದರೆ ಮಕ್ಕಳಿಗೆ ಅದೇನು ಖುಷಿಯೋ. ಪರಸ್ಪರ ಮೂಸಿಕೊಳ್ಳತೊಡಗಿದರು. ಮುಂದಿನ ಬೆಂಚಿನ ಚಿನ್ಮಯಿ, ನಮ್ಮ ಪಕ್ಕದ ಮನೆ ಗಿರಿಜಕ್ಕನ ಮೊಮ್ಮಗಳು, ಕೈ ಎತ್ತಿ, "ಮುಚ್ಚಿಟ್ಟಿದ್ದನ್ನೂ ಮೂಸ್ಬಹುದಾ?" ಎಂದಳು.

ಅಷ್ಟಕ್ಕೇ "ಹೂಂ" ಎಂದು ಸುಮ್ಮನಿದ್ದಿದ್ದರೆ ಈ ಪ್ರಬಂಧ ಹುಟ್ಟುತ್ತಿರಲಿಲ್ಲ. ಆದರೆ ಮಾತು ಹತ್ತಿದವರಿಗೆ ಬಾಯಿಗೆ ಹಿಡಿತ ಎಲ್ಲಿರುತ್ತದೆ. "ಮುಚ್ಚಿಟ್ಟಿದ್ದನ್ನೇ ಮೂಸಬೇಕು!" ಎಂದೆ, ಕೈ ಬೀಸಿ. "ತೆರೆದಿಟ್ಟದ್ದರ ವಾಸನೆ ಎಲ್ಲರಿಗೂ ಗೊತ್ತಲ್ಲ!" ಟೀಚರ್ ಚಪ್ಪಾಳೆ ತಟ್ಟಿದರು. ಪ್ರಣತಿ ತಲೆ ಎತ್ತಿ ನನ್ನನ್ನು ನೋಡಿ, ಒಂದು ಕ್ಷಣ ಪರಿಚಯದ ನಗು ನಕ್ಕಳು. ನಾನು ನೆಲಕ್ಕೆ ಕಾಲು ಮುಟ್ಟದೆ ಹುಲೇಕಲ್ ರಸ್ತೆಯಲ್ಲಿ ಮನೆಗೆ ಬಂದೆ.

ನಮ್ಮ ಕಡೆಯವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ, ಈಗಾಗಲೇ ಎದೆ ಹಿಡಿದುಕೊಂಡಿರುತ್ತಾರೆ. ಉಳಿದವರಿಗಾಗಿ ಹೇಳುತ್ತೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಕೋಗಿಲೆ ಕೂಗುವ ಈ ದಿನಗಳೆಂದರೆ ಅಪ್ಪೆಮಿಡಿ ಉಪ್ಪಿಗೆ ಬೀಳುವ ದಿನಗಳು. ಹೊಳೆಯ ದಂಡೆಯ ಮಾವಿನ ಮರದಿಂದ ಹೆಬ್ಬೆರಳಿನಷ್ಟು ಮಿಡಿಗಳನ್ನು ನೆಲಕ್ಕೆ ಬೀಳಿಸದೆ ಕೊಯ್ದು, ತೊಳೆದು, ಒಂದೊಂದನ್ನೇ ಒರೆಸಿ ಆರಿಸಿ, ಹರಳುಪ್ಪಿನ ಜೊತೆ ಭರಣಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟುತ್ತಾರೆ. ಮಿಡಿ ನೀರು ಬಿಟ್ಟು ಚಿರುಟಿಕೊಂಡು, ಖಾರ ಕೂಡಿಸುವ ದಿನ ಬರುವವರೆಗೆ ಆ ಭರಣಿ ಒಂದೇ ಕೈಯ ವಶ. ಆ ಕೈ ಮನೆಯ ಹಿರಿಯ ಹೆಂಗಸಿನದು. ಒದ್ದೆ ಕೈ, ಒದ್ದೆ ಸೌಟು, ಒದ್ದೆ ಗಾಳಿ ಯಾವುದೂ ಸೋಕಬಾರದು. ಸೋಕಿದರೆ ಬೂಷ್ಟು. ಬೂಷ್ಟು ಬಂದರೆ ವರ್ಷದ ಉಪ್ಪಿನಕಾಯಿ ಹೋಯಿತು, ಜೊತೆಗೆ ಆ ಕೈಯ ಹೆಸರೂ ಹೋಯಿತು.

ನಮ್ಮತ್ತೆಯ ಕೈಗೆ ಆವರೆಗೆ ಬೂಷ್ಟು ಎಂಬುದು ಗೊತ್ತಿರಲಿಲ್ಲ. ಅದರಲ್ಲೂ ಈ ಸಲದ ಮಿಡಿ ಸಾಮಾನ್ಯದ್ದಲ್ಲ, ನಿಲ್ಕುಂದದ ಅವರ ತವರಿನ ಮರದ್ದು. ಕಳೆದ ಮಳೆಗಾಲದಲ್ಲಿ ದಂಡೆ ಕುಸಿದು ಮರ ಹೊಳೆಯ ಕಡೆ ವಾಲಿದೆ. ಅತ್ತೆಯ ತಮ್ಮ ಮಿಡಿಯನ್ನು ಸೊಪ್ಪಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವರು, "ಅಕ್ಕಾ, ಬಪ್ಪ ಮಳೆಗಾಲಕ್ಕೆ ಆ ಮರ ನಿಲ್ತಿಲ್ಲೆ" ಎಂದಿದ್ದರು. ಅವತ್ತು ಮಿಡಿ ಒರೆಸುವ ಕೆಲಸಕ್ಕೆ ಅತ್ತೆ ನನ್ನನ್ನೂ ಸೇರಿಸಿಕೊಳ್ಳಲಿಲ್ಲ.

ಶಾಲೆಯಿಂದ ಬಂದ ಸಂಜೆ ನಾನು ಚಹಾಕ್ಕೆ ಇಟ್ಟಿದ್ದೆ. ಪಕ್ಕದ ಮನೆಯಿಂದ ಗಿರಿಜಕ್ಕನ ಕೂಗು ಕೇಳಿತು. "ಯಾರೇ ಭರಣಿ ಬಿಚ್ಚಿದ್ದು! ಯಾರಿಗೆ ಬಂತು ಈ ಬುದ್ಧಿ!"

ನನ್ನ ಕೈಯ ಇಕ್ಕಳ ಹಾಗೇ ನಿಂತಿತು. ಎದುರು ಓಣಿಯಿಂದ ಇನ್ನೊಂದು ಕೂಗು. ನನಗೆ ಆಗ ಲೆಕ್ಕ ಹತ್ತಿತು. ಮಕ್ಕಳು ಗೇರುಹಣ್ಣು ಮೂಸುತ್ತಾರೆ, ಹಲಸಿನ ಹಪ್ಪಳ ಮೂಸುತ್ತಾರೆ, ಹೆಚ್ಚೆಂದರೆ ಸುರಗಿ ದಂಡೆ ಮೂಸುತ್ತಾರೆ ಎಂದು ನಾನು ತಿಳಿದಿದ್ದೆ. ಆದರೆ ಈ ಋತುವಿನಲ್ಲಿ ಮಾತ್ರ ಇರುವ, ಅದೂ ಮುಚ್ಚಿಟ್ಟ ವಸ್ತು ಎಂದರೆ ಪ್ರತಿ ಮನೆಯಲ್ಲೂ ಇರುವುದು ಒಂದೇ. ಗ್ಯಾಸ್ ಒಲೆ ಆರಿಸಿ ಉಗ್ರಾಣಕ್ಕೆ ಓಡಿದೆ. ಭರಣಿ ತನ್ನ ಜಾಗದಲ್ಲೇ ಇತ್ತು. ಬಟ್ಟೆಯೂ ಇತ್ತು. ಆದರೆ ಅತ್ತೆ ಹಾಕುವುದು ತುದಿಯೇ ಕಾಣದ ಬಿಗಿ ಗಂಟು. ಈಗ ಅಲ್ಲಿ ಎರಡು ಕಿವಿ ಅಗಲಿಸಿಕೊಂಡು ಕುಳಿತಿದ್ದುದು ಜಡೆಯ ರಿಬ್ಬನ್ನಿಗೆ ಹಾಕುವ ಚಿಟ್ಟೆ ಗಂಟು.

ಪ್ರಣತಿಯನ್ನು ರಟ್ಟೆ ಹಿಡಿದು ಹಿತ್ತಿಲಿಗೆ ಎಳೆದೆ. "ಕೈ ಹಾಕಿದ್ಯನೇ ಒಳಗೆ?"

"ಇಲ್ಲೆ ಆಯಿ, ಮೂಗು ಮಾತ್ರ."

"ಎಷ್ಟು ಹತ್ರ?"

"ನೀನೇ ಹತ್ರ ಹೋಗಿ ಹೇಳಿದ್ಯಲೀ."

"ಮೂಗು ಒದ್ದೆ ಇತ್ತ? ನಿಂಗೆ ಶೀತ ಆಗಿತ್ತಲೇ! ಸೀನಿದ್ಯ?"

ಅವಳು ಮೇಲೆ ನೋಡಿ ಯೋಚಿಸಿದಳು. "ಸೀನು ಬಂದಿತ್ತು. ಒಳಗೆ ಬಂತೋ ಹೊರಗೆ ಬಂತೋ ನೆನಪಿಲ್ಲೆ."

ಅತ್ತೆ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಜಗುಲಿಯಲ್ಲಿದ್ದರು. ನಾನು ಚಿಟ್ಟೆ ಗಂಟು ಬಿಚ್ಚಿ, ಕಳೆದ ವರ್ಷದ ಭರಣಿಯ ಗಂಟು ನೋಡಿ ನೋಡಿ ಅದರ ಹಾಗೆಯೇ ಕಟ್ಟಿದೆ. ನಾಲ್ಕನೆಯ ಸಲಕ್ಕೆ ಸುಮಾರು ಹೋಲಿತು. ಬಿಚ್ಚಿದಾಗ ಒಳಗೆ ನೋಡಿದೆ. ಉಪ್ಪುನೀರು ತಿಳಿಯಾಗಿತ್ತು. ಇವತ್ತು ತಿಳಿಯಾಗಿದೆ, ಸರಿ. ನಾಳೆ?

ಅಷ್ಟರಲ್ಲಿ ತರಗತಿಯ ತಾಯಂದಿರ ವಾಟ್ಸಾಪ್ ಗುಂಪು ಕುದಿಯತೊಡಗಿತ್ತು. ಒಬ್ಬರ ಮನೆಯ ಮಾಣಿ ಮೊಣಕೈವರೆಗೆ ಕೈ ಇಳಿಸಿದ್ದ. ಇನ್ನೊಬ್ಬರ ಮನೆಯಲ್ಲಿ ಮಿಡಿ ಕಚ್ಚಿ ನೋಡಿ ವಾಪಸು ಹಾಕಿದ್ದರು. ಭೈರುಂಬೆಯಿಂದ ಬಂದು ಹೋಗುವ ಹುಡುಗಿಯೊಬ್ಬಳು ಮೂರು ಭರಣಿ ಮೂಸಿ, ಯಾವುದು ಹೆಚ್ಚು ವಸಂತ ಎಂದು ಅಜ್ಜಿಯನ್ನೇ ಕೇಳಿದ್ದಳಂತೆ. "ಇದನ್ನು ಹೇಳಿಕೊಟ್ಟವರು ಯಾರು?" ಎಂದು ಎಲ್ಲರೂ ಕೇಳುತ್ತಿದ್ದರು. ನಾನೊಬ್ಬಳೇ ಸುಮ್ಮನಿದ್ದರೆ ಅನುಮಾನ ಬಂದೀತೆಂದು, "ಛೆ, ಇದೆಂತ ಕಥೆ!" ಎಂದು ಬರೆದೆ. ಅದರ ಕೆಳಗೇ ಶೈಲಾ ಟೀಚರ್ ಅವರ ಸಂದೇಶ ಬಿತ್ತು: "ಮಕ್ಕಳಿಗೆ ಅಮೂಲ್ಯ ಮಾರ್ಗದರ್ಶನ ನೀಡಿದ ಲೇಖಕಿ ಸುಮನಾ ಮೇಡಂ ಅವರಿಗೆ ಧನ್ಯವಾದಗಳು." ಪಕ್ಕದಲ್ಲಿ ಎರಡು ಗುಲಾಬಿ.

ಗುಂಪು ತಣ್ಣಗಾಯಿತು. ಬೈಗುಳಕ್ಕಿಂತ ಆ ತಣ್ಣಗಾದದ್ದೇ ಹೆಚ್ಚು ಹೆದರಿಕೆ. ಸ್ವಲ್ಪ ಹೊತ್ತಿಗೆ ಯಲ್ಲಾಪುರದಿಂದ ನನ್ನ ತಂಗಿಯ ಫೋನು. "ಅಕ್ಕಾ, ನಿಂಗಳ ಊರಲ್ಲಿ ಯಾರೋ ತಲೆ ಸಮ ಇಲ್ಲದ್ದವರು ಶಾಲೆಗೆ ಬಂದು ಹುಡ್ರಿಗೆ ಭರಣಿ ಬಿಚ್ಚಲೆ ಕಲಿಸಿದ್ವಡ, ಹೌದನೇ?" ನಾನು "ನೆಟ್‌ವರ್ಕ್ ಇಲ್ಲೆ" ಎಂದು ಫೋನಿಟ್ಟೆ. ಗಿರಿಜಕ್ಕ ಮಾತ್ರ ನೇರ ಮನುಷ್ಯೆ. ಬೇಲಿಯ ಮೇಲಿಂದ ಕತ್ತು ಹಾಕಿ, "ಸುಮನಾ, ನಮ್ಮನೆ ಭರಣಿಗೆ ಬೂಷ್ಟು ಬಂದ್ರೆ ನಿಮ್ಮನೆ ಭರಣಿ ಎಂಗಳ ಮನೆಗೆ ಬತ್ತು, ಹೇಳಿಟ್ಟಿದ್ದಿ" ಎಂದಳು. ನಕ್ಕೇ ಹೇಳಿದಳು. ನನಗೆ ನಗು ಬರಲಿಲ್ಲ.

ಅಲ್ಲಿಂದ ಖಾರ ಕೂಡಿಸುವ ದಿನದವರೆಗೆ ನಾನು ಬದುಕಿದ ರೀತಿ ನನ್ನ ಶತ್ರುವಿಗೂ ಬೇಡ. ದಿನವೂ ಅತ್ತೆ ಸ್ನಾನಕ್ಕೆ ಹೋಗುವುದನ್ನು ಕಾಯುತ್ತಿದ್ದೆ. ಬಚ್ಚಲಲ್ಲಿ ಚೊಂಬಿನ ಸದ್ದು ಶುರುವಾದ ಕೂಡಲೇ ಉಗ್ರಾಣಕ್ಕೆ ಹೋಗಿ, ಗಂಟು ಬಿಚ್ಚಿ, ಮೊಬೈಲಿನ ಬೆಳಕು ಬಿಟ್ಟು, ಬಗ್ಗಿ ನೋಡಿ, ಮೂಸಿ, ಮತ್ತೆ ಕಟ್ಟಿ, ಚೊಂಬು ಕೆಳಗಿಟ್ಟ ಸದ್ದು ಕೇಳುವ ಮೊದಲು ಒಲೆಯ ಮುಂದೆ ಬಂದು ನಿಲ್ಲುತ್ತಿದ್ದೆ. ಒಂದು ಮಿಡಿಯ ಮೇಲೆ ಬಿಳಿ ಚುಕ್ಕೆ ಕಂಡಂತಾಗಿ ಒಂದು ಬೆಳಿಗ್ಗೆ ಎರಡು ಸಲ ಹೋದೆ. ಅದು ಉಪ್ಪಿನ ಹರಳು. ಗಂಟು ಹಾಕುವುದರಲ್ಲಿ ಮಾತ್ರ ಕೈ ಪಳಗಿತು. ನನ್ನ ಯಜಮಾನರು ಸೊಸೈಟಿಯ ಕೆಲಸಕ್ಕೆ ಹೊರಡುವ ಮುನ್ನ ತಿಂಡಿಗೆ ಕುಳಿತವರು, "ಸಾಂಬಾರಿಗೆ ಉಪ್ಪಿಲ್ಲೆ" ಎಂದರೆ ನಾನು ಬೆಚ್ಚಿ ಬೀಳುತ್ತಿದ್ದೆ. ಉಪ್ಪು ಎಂಬ ಶಬ್ದವೇ ನನಗಾಗದು.

ಒಂದು ದಿನ ಬಚ್ಚಲ ನೀರು ಸಾಕಷ್ಟು ಕಾದಿರಲಿಲ್ಲ. ಅತ್ತೆ ಬೇಗ ಹೊರಗೆ ಬಂದಿದ್ದರು. ನಾನು ಪಾತ್ರೆ ತೊಳೆಯುತ್ತಿದ್ದವಳು ಕೈಯನ್ನು ಸೆರಗಿಗೆ ಒಮ್ಮೆ ಒರೆಸಿಕೊಂಡು ಓಡಿ ಹೋಗಿದ್ದೆ, ಗಂಟು ಅರ್ಧ ಬಿಗಿದಿತ್ತು. ಬಾಗಿಲಲ್ಲಿ ನೆರಳು ಬಿತ್ತು.

"ಅಲ್ಲಿ ಎಂತ ಮಾಡ್ತಾ ಇದ್ಯೇ?"

"ಜಿರಲೆ ನೋಡ್ತಾ ಇದ್ದಿ ಅತ್ತೆ."

"ಸಿಕ್ತಾ?"

"ಇಲ್ಲೆ."

"ಹುಡುಕು" ಎಂದು ಹೇಳಿ ಅತ್ತೆ ದೇವರ ಕೋಣೆಗೆ ಹೋದರು. ಆ "ಹುಡುಕು" ಎಂಬ ಒಂದು ಮಾತನ್ನು ನಾನು ಆ ದಿನವಿಡೀ ತಿರುಗಿಸಿ ಮುರುಗಿಸಿ ನೋಡಿದೆ. ಅದರಲ್ಲಿ ಏನೂ ಇರಲಿಲ್ಲ, ಎಲ್ಲವೂ ಇತ್ತು.

ಈ ನಡುವೆ ಬೇರೆ ಮನೆಗಳಿಂದ ವರ್ತಮಾನ ಬರತೊಡಗಿತು. ಗಿರಿಜಕ್ಕನ ಭರಣಿ ಸುಖವಾಗಿದೆ. ಮೊಣಕೈ ಇಳಿಸಿದ ಮನೆಯದೂ ಚೆನ್ನಾಗಿದೆ, ಖಾರವೂ ಕೂಡಿಸಿ ಆಯಿತು. ಕಚ್ಚಿದ ಮಿಡಿ ಯಾವುದೆಂದೇ ತಿಳಿಯಲಿಲ್ಲವಂತೆ. ವಾಟ್ಸಾಪ್ ಗುಂಪಿನಲ್ಲಿ ನಗುವ ಮುಖಗಳು ಮತ್ತೆ ಕಾಣಿಸಿದವು. ನಾನು ಉಸಿರು ಬಿಟ್ಟೆ. ಆದರೂ ದಿನಾ ನೋಡುವುದನ್ನು ಬಿಡಲಿಲ್ಲ. ಅಭ್ಯಾಸ ಹತ್ತಿದರೆ ಹಾಗೆಯೇ.

ಖಾರ ಕೂಡಿಸುವ ದಿನ ಅತ್ತೆ ಒಣಗಿದ ಸೌಟು, ಒಣಗಿದ ಬಟ್ಟೆ, ಸಾಸಿವೆ, ಮೆಣಸಿನ ಪುಡಿ ಎಲ್ಲ ಸುತ್ತ ಇಟ್ಟುಕೊಂಡು ಕುಳಿತರು. ನಾನೂ ಪ್ರಣತಿಯೂ ಎದುರು ಕುಳಿತೆವು. ಅತ್ತೆ ಗಂಟಿನ ಮೇಲೆ ಒಮ್ಮೆ ಬೆರಳಾಡಿಸಿದರು. ಆಮೇಲೆ ಬಿಚ್ಚಿದರು.

ಉಪ್ಪುನೀರಿನ ಮೇಲೆ ಹಾಲಿನ ಕೆನೆಯಷ್ಟು ತೆಳ್ಳಗೆ, ಬಿಳಿಯಾಗಿ, ಬೂಷ್ಟು ಹರಡಿತ್ತು.

ಹಿಂದಿನ ದಿನ ಇರಲಿಲ್ಲ ಎಂದು ಬಾಯಿತುದಿಗೆ ಬಂತು, ನುಂಗಿದೆ. ಪ್ರಣತಿ ಅಳುವುದಕ್ಕೆ ಶುರು ಮಾಡಿದಳು. "ಅಜ್ಜೀ, ಆನೇ ಬಿಚ್ಚಿದ್ದು. ಮೂಗು ಹಾಕಿದ್ದಿ."

"ಗೊತ್ತಿದ್ದು" ಎಂದರು ಅತ್ತೆ. "ಚಿಟ್ಟೆ ಗಂಟು ಹಾಕಿದ್ದು ಆನು ಕಂಡಿದ್ದಿ. ಶಾಲೆಯಿಂದ ಬಂದು ನೀ ಉಗ್ರಾಣಕ್ಕೆ ಹೋದಾಗ್ಲೇ ಕಂಡಿದ್ದಿ. ಒಂದು ಸಲ ಮೂಸಿದ್ದಕ್ಕೆ ಹೀಂಗೆ ಆಗ್ತಿಲ್ಲೆ ಕೂಸೇ. ನೀ ಅಳಡ." ಅವರು ಆ ತೆಳು ಕೆನೆಯನ್ನು ಸೌಟಿನಲ್ಲಿ ತೆಗೆದು ಬಟ್ಟಲಿಗೆ ಹಾಕಿದರು. "ಇದು ದಿನಾ ಬಿಚ್ಚಿದ ಭರಣಿ. ನಿನ್ನ ಆಯಿ ಜಿರಲೆ ಹುಡುಕ್ತಿತ್ತು."

ಅತ್ತೆ ನನ್ನ ಮುಖ ನೋಡಲಿಲ್ಲ, ಭರಣಿಯನ್ನೇ ನೋಡುತ್ತಿದ್ದರು. "ಗೊತ್ತಿದ್ರೆ ಆವಾಗ್ಲೇ ಎಂತಕ್ಕೆ ಹೇಳಿದ್ರಿಲ್ಲೆ ಅತ್ತೆ?" ಎಂದೆ.

"ನೀನೇ ಬಂದು ಹೇಳ್ತೆ ಹೇಳಿ ಕಾಯ್ತಿದ್ದಿ" ಎಂದರು.

ಮೇಲಿನ ಪದರದ ಮಿಡಿಗಳು ಮೆತ್ತಗಾಗಿದ್ದವು, ಅವು ಹೋದವು. ಅತ್ತೆ ಅವನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟರು, ಎಸೆಯಲು ನನಗೆ ಕೊಡಲಿಲ್ಲ, ತಾವೇ ಹಿತ್ತಿಲ ದಾಸವಾಳದ ಬುಡಕ್ಕೆ ಹಾಕಿ ಬಂದರು. ನಡುವಿನವು ಗಟ್ಟಿಯಾಗಿದ್ದವು, ಆದರೆ ಮಳೆಗಾಲ ದಾಟಿಸುವ ಭರವಸೆ ಇಲ್ಲ. ತಳದವು ಮಾತ್ರ ಹೇಗಿರಬೇಕೋ ಹಾಗೆ. ಅತ್ತೆ ಉಪ್ಪುನೀರು ಕುದಿಸಿ ಆರಿಸಿ ಖಾರ ಕೂಡಿಸಿದರು. ತಳದ ಮಿಡಿಗಳು ಒಂದು ಸಣ್ಣ ಭರಣಿಗೆ ಹೋದವು. ನಿಲ್ಕುಂದದ ಮರದ್ದೆಂದು ಮನೆಯಲ್ಲಿ ಉಳಿದದ್ದು ಅಷ್ಟೇ. ನಡುವಿನವನ್ನು ನನ್ನ ಮುಂದಿಟ್ಟು, "ಇದನ್ನ ಬೇಗ ಖರ್ಚು ಮಾಡವು. ಆ ಹುಡ್ರ ಮನೆಮನೆಗೂ ಒಂದೊಂದು ಬಟ್ಟಲು ಕೊಟ್ಟು ಬಾ. ನೀನೇ ಹೋಗು" ಎಂದರು.

ಹೋದೆ. ಬಟ್ಟಲು ಹಿಡಿದು ಓಣಿ ಓಣಿ ತಿರುಗಿದೆ. ಗಿರಿಜಕ್ಕ ಒಂದು ಮಿಡಿ ಬಾಯಿಗಿಟ್ಟು ಕಣ್ಣು ಮುಚ್ಚಿದಳು. "ನಮ್ಮನೇದು ಹಾಳಾಗಿದ್ರೇ ಒಳ್ಳೆದಿತ್ತನೇ, ಇಡೀ ಭರಣಿ ಬತ್ತಿತ್ತು" ಎಂದಳು. ಅದನ್ನು ಅತ್ತೆಗೆ ಬಂದು ಹೇಳಿದೆ. ಅವರು ಸಾಸಿವೆ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ. ಆದರೆ ತುಟಿಯ ತುದಿ ಸ್ವಲ್ಪ ಅಲುಗಿತು ಎಂದು ನನ್ನ ನಂಬಿಕೆ.

ಯುಗಾದಿಯ ಮುನ್ನಾದಿನ ಗೋಡೆಪತ್ರಿಕೆ ನೋಡಲು ಹೋದೆ. ಇಡೀ ಗೋಡೆಯಲ್ಲಿ ಕೋಗಿಲೆಯ ಸುಳಿವಿರಲಿಲ್ಲ. "ವಸಂತದ ವಾಸನೆ ಎಂದರೆ ಅಜ್ಜಿಯ ಬೈಗುಳದ ವಾಸನೆ, ಅದರಲ್ಲಿ ಸ್ವಲ್ಪ ಇಂಗು ಇರುತ್ತದೆ" ಎಂದು ಚಿನ್ಮಯಿ ಬರೆದಿದ್ದಳು. "ಭರಣಿಯೊಳಗೆ ಹೊಳೆಯ ವಾಸನೆ ಬಂತು, ಬಗ್ಗಿದರೆ ನನ್ನ ಮುಖವೂ ಅಲ್ಲೇ ಇತ್ತು" ಎಂದು ಭೈರುಂಬೆಯ ಹುಡುಗಿ. ನಿಂತು ಎರಡು ಸಲ ಓದಿದೆ. ಶೈಲಾ ಟೀಚರ್ ಹಿಂದಿನಿಂದ ಬಂದು, "ನೋಡ್ರಿ ಅಕ್ಕಾರ, ಹೆಂಗ ಬರದಾರ!" ಎಂದರು. ಇಷ್ಟಕ್ಕೆ ಅಷ್ಟು ಮಿಡಿ ಹೋದದ್ದು ಸಾರ್ಥಕವೇ ಎಂದು ಕೇಳಿದರೆ, ಅತ್ತೆಯ ಎದುರು ಹೇಳುವ ಧೈರ್ಯ ನನಗಿಲ್ಲ. ಆಮೇಲೆ ಪ್ರಣತಿಯ ಹಾಳೆ ಹುಡುಕಿದೆ. ಕೆಳಗಿನ ಮೂಲೆಯಲ್ಲಿತ್ತು. "ವಸಂತವು ಋತುಗಳ ರಾಜ. ಕೋಗಿಲೆಯು ಮಾವಿನ ಚಿಗುರು ತಿಂದು ಕುಹೂ ಕುಹೂ ಎಂದು ಹಾಡುತ್ತದೆ."

ಮನೆಗೆ ಬಂದು, "ಇದೆಂತದೇ ಇದು?" ಎಂದೆ.

"ಶೀತ ಆಗಿತ್ತಲೀ ಆಯಿ" ಎಂದಳು. "ವಾಸನೆಯೇ ಬರ್ಲಿಲ್ಲೆ."

ಅತ್ತೆ ಆ ವಾರವೇ ಪೇಟೆಯಿಂದ ತರಿಸಿದ ಆ ವರ್ಷದ ಕೊನೆಯ ಮಿಡಿಗಳನ್ನು ಹೊಸದಾಗಿ ಉಪ್ಪಿಗೆ ಹಾಕಿದರು. ಈ ಸಲ ಒರೆಸುವುದಕ್ಕೆ ನನ್ನನ್ನೂ ಕೂರಿಸಿಕೊಂಡರು. ಪ್ರತಿ ಮಿಡಿಯನ್ನೂ ನಾನು ಒರೆಸಿದ ಮೇಲೆ ಮತ್ತೊಮ್ಮೆ ತಾವು ಒರೆಸಿದರು, ಅದು ಬೇರೆ ಮಾತು. ಭರಣಿಯ ಬಾಯಿಗೆ ಬಟ್ಟೆ ಹಾಕಿ, ಪ್ರಣತಿಯನ್ನು ಕರೆದು ಅವಳ ಹಳೆಯ ಕೆಂಪು ರಿಬ್ಬನ್ ಕೇಳಿ ಪಡೆದು, ನಿಧಾನವಾಗಿ, ಎರಡೂ ಕಿವಿ ಸಮ ಬರುವ ಹಾಗೆ ಚಿಟ್ಟೆ ಗಂಟು ಹಾಕಿದರು. ನಾನು ನೋಡುತ್ತಿದ್ದೆ.

"ಇದೆಂತಕ್ಕೆ ಅತ್ತೆ?"

"ನಿಂಗೆ ಬಿಚ್ಚಲೆ ಸುಲಭ ಆಗ್ಲಿ ಹೇಳಿ" ಎಂದರು.

ಆ ಭರಣಿ ಈಗಲೂ ಉಗ್ರಾಣದಲ್ಲಿ ಕೆಂಪು ಕಿವಿ ಅಗಲಿಸಿಕೊಂಡು ಕುಳಿತಿದೆ. ಒಳಗೆ ಹೇಗಿದೆಯೋ, ಏನಾಗಿದೆಯೋ, ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ. ದೂರ ನಿಂತು ಬರೆಯಬೇಡಿ, ಹತ್ತಿರ ಹೋಗಿ ಮೂಸಿ ಬರೆಯಿರಿ ಎಂದು ಊರ ಮಕ್ಕಳಿಗೆಲ್ಲ ಹೇಳಿದ ಲೇಖಕಿ ಇದಿಷ್ಟನ್ನೂ ಹೊರಗಿನ ಜಗುಲಿಯಲ್ಲಿ, ಉಗ್ರಾಣಕ್ಕೆ ಬೆನ್ನು ಹಾಕಿ ಕುಳಿತು ಬರೆದಿದ್ದಾಳೆ. ಒಳಗೆ ಅತ್ತೆಯ ಸ್ನಾನ ಶುರುವಾಗಿದೆ. ಚೊಂಬಿನ ಸದ್ದು ಕೇಳುತ್ತಿದೆ. ನಾನು ಏಳುವುದಿಲ್ಲ.